ಅಪ್‌ಡೇಟ್: ಗೇರ್‌ಬಾಕ್ಸ್ ಬೋಲ್ಟ್ ಸಡಿಲವಾಗುವುದು ನಿಂತಿದೆ

ಪುಣೆಯ ಭೋಸರಿಯಲ್ಲಿರುವ ನಮ್ಮ ವರ್ಕ್‌ಶಾಪಿನ ಕನ್ವೇಯರ್ ಗೇರ್‌ಬಾಕ್ಸಿನ ನಾಲ್ಕು ಎಂ12 (12 ಮಿ.ಮೀ. ವ್ಯಾಸದ) ಬೋಲ್ಟುಗಳು ಪದೇ ಪದೇ ಸಡಿಲವಾಗುತ್ತಿವೆ, 8.8 ಬಿಟ್ಟು ಇನ್ನೂ ಬಲವಾದ 10.9 ಗ್ರೇಡ್ ಹಾಕಲೇ ಎಂದು ಇಲ್ಲಿ ಕೇಳಿದ್ದೆ. ಗ್ರೇಡ್ ಆಮೇಲೆ, ಮೊದಲು ಬೋಲ್ಟಿನ ತಲೆಯಡಿ ನೋಡಿ ಎಂದಿದ್ದಿರಿ. ಕಾರಣ ಅಲ್ಲೇ ಸಿಕ್ಕಿತು. ತುಂಬಾ ಧನ್ಯವಾದ.

ಬೇಸ್ ಪ್ಲೇಟಿನ ಮೇಲೆ ದಪ್ಪ ಪೇಂಟ್ ಇತ್ತು, ತೆಳು ವಾಷರ್ ಸ್ಲಾಟಿನೊಳಗೆ (ಬೋಲ್ಟ್ ತೂರುವ ಉದ್ದ ತೂತು) ಬಗ್ಗಿತ್ತು. ಪೇಂಟ್ ಹಿಸುಕಿಕೊಂಡು ವಾಷರ್ ಬಗ್ಗಿದಂತೆಲ್ಲ ಬೋಲ್ಟಿನ ಎಳೆತ (ಜೋಡಣೆಯನ್ನು ಒತ್ತಿಹಿಡಿಯುವ ಬಲ) ಇಳಿಯುತ್ತದೆ. ಆಗ ಕಂಪನಕ್ಕೆ ಜೋಡಣೆ ಅಡ್ಡಡ್ಡ ಜಾರತೊಡಗುತ್ತದೆ, ನಟ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ 10.9 ಮದ್ದಲ್ಲ. ಸ್ಪ್ರಿಂಗ್ ವಾಷರೂ ಅಲ್ಲ. ಪೂರ್ತಿ ಬಿಗಿದಾಗ ಅದು ಚಪ್ಪಟೆಯಾಗಿಬಿಡುತ್ತದೆ, ಅಷ್ಟೇ.

ಪೇಂಟನ್ನು ಲೋಹ ಕಾಣುವವರೆಗೆ ಕೆರೆದೆವು. ಫೀಲರ್ ಗೇಜಿಗೆ (ಸಂದು ಅಳೆಯುವ ತೆಳು ಪಟ್ಟಿ) ಗೇರ್‌ಬಾಕ್ಸಿನ ಒಂದು ಕಾಲಿನಡಿ ಸಂದು ಸಿಕ್ಕಿತು, ಅಲ್ಲಿ ಶಿಮ್ (ಸಂದು ತುಂಬುವ ತೆಳು ತಗಡು) ಕೂರಿಸಿದೆವು. ಬೋಲ್ಟ್ 8.8 ಹಾಫ್ ಥ್ರೆಡ್ (ತುದಿಯ ಕಡೆಗಷ್ಟೇ ಥ್ರೆಡ್ ಇರುವುದು), ನಟ್ ಅದಕ್ಕೆ ಹೊಂದುವ ಕ್ಲಾಸ್ 8, ಜೊತೆಗೆ ದಪ್ಪ ಹಾರ್ಡನ್ಡ್ ವಾಷರ್. ಬಿಗಿದದ್ದು ಮೊದಲ ಸುತ್ತು 40, ಎರಡನೆಯದು 80 ನ್ಯೂಟನ್ ಮೀಟರ್ ಟಾರ್ಕಿಗೆ (ತಿರುಗಿಸುವ ಬಲ), ಎದುರುಬದುರು ಮೂಲೆಗಳ ಕ್ರಮದಲ್ಲಿ. ಥ್ರೆಡ್ಡಿಗೆ ಮಾಲಿಬ್ಡಿನಮ್ ಪೇಸ್ಟ್ ಹಚ್ಚುವವರು ಈ 80 ಬಳಸಬೇಡಿ; ಘರ್ಷಣೆ ಕಡಿಮೆಯಾಗಿ ಎಳೆತ ಮಿತಿ ಮೀರುತ್ತದೆ.

ನಟ್‌ಗೂ ಪ್ಲೇಟಿಗೂ ಸೇರಿಸಿ ಎಳೆದ ಪೇಂಟ್ ಮಾರ್ಕರ್ ಗೆರೆ ಈವರೆಗೆ ಕದಲಿಲ್ಲ.

ಕೊಳ್ಳುವಾಗ ಇನ್ನೊಂದು ಗಮನಿಸಿ: ಎಂ12 ಬೋಲ್ಟಿನ ತಲೆ ಹಳೆಯ ಡಿನ್ (ಜರ್ಮನ್ ಮಾನಕ) ಅಳತೆಯಲ್ಲಿ 19 ಮಿ.ಮೀ., ಐಎಸ್‌ಒ (ಅಂತರರಾಷ್ಟ್ರೀಯ ಮಾನಕ) ಅಳತೆಯಲ್ಲಿ 18. ಎರಡೂ ಬೆರೆತ ಪೆಟ್ಟಿಗೆ ಬಂದರೆ 19ರ ಸ್ಪ್ಯಾನರ್ 18ರ ತಲೆಯ ಮೂಲೆಗಳನ್ನು ಸವೆಸುತ್ತದೆ.