ಆಸ್ಪತ್ರೆಯಲ್ಲಿ ಸೈಕಾಲಜಿ ಇಂಟರ್ನ್‌ಶಿಪ್: ಹೊರಟವಳ ಪ್ರಶ್ನೆ, ಮುಗಿಸಿದವರ ಅನುಭವ

ಕೇಳಿದವಳು: ಹಾಸನದ ಕಡೆಯವಳು, ಅಮೆರಿಕದಲ್ಲಿ ಪಿಎಚ್‌ಡಿ

ಎಲ್ಲರಿಗೂ ನಮಸ್ಕಾರ. ಕ್ಲಿನಿಕಲ್ ಸೈಕಾಲಜಿ ಪಿಎಚ್‌ಡಿ, ಐದನೇ ವರ್ಷ ಶುರುವಾಗಿದೆ. ಎಫ್-1 ವೀಸಾ, ಅಂದರೆ ವಿದ್ಯಾರ್ಥಿ ವೀಸಾ. ಈ ಅಕ್ಟೋಬರ್ ಹೊತ್ತಿಗೆ ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಬೇಕು. ಆಸ್ಪತ್ರೆಯಲ್ಲೇ ಮಾಡಬೇಕು ಅಂತ ಆಸೆ. ಆದರೆ ಇಲ್ಲಿಯವರೆಗೆ ಕೆಲಸ ಮಾಡಿದ್ದೆಲ್ಲ ಯೂನಿವರ್ಸಿಟಿಯ ಕ್ಲಿನಿಕ್ ಮತ್ತು ಕೌನ್ಸೆಲಿಂಗ್ ಸೆಂಟರ್‌ನಲ್ಲಿ. ಎಷ್ಟು ಕಡೆ ಹಾಕಬೇಕು? ವೀಸಾದಿಂದ ತೊಂದರೆ ಇದೆಯಾ? ಆಸ್ಪತ್ರೆಯಲ್ಲಿ ದಿನ ಹೇಗಿರುತ್ತದೆ? ಜೊತೆಗೆ ಅಪ್ಪ ಪ್ರತಿ ಭಾನುವಾರ ಫೋನಿನಲ್ಲಿ "ಇಷ್ಟು ವರ್ಷ ಓದಿ ಇನ್ನೂ ಇಂಟರ್ನಾ?" ಅಂತ ಕೇಳುತ್ತಾರೆ. ಅದಕ್ಕೂ ಒಂದು ಉತ್ತರ ಬೇಕು.

ಮೈಸೂರಿನವಳು, ಓಹಾಯೊದಲ್ಲಿದ್ದೇನೆ, 2019ರಲ್ಲಿ ಮುಗಿಸಿದ್ದು

ಅಪ್ಪನ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಅದೇ ಸುಲಭ. "ಹೌಸ್ ಸರ್ಜನ್ಸಿ ಇದ್ದ ಹಾಗೆ" ಅಂದುಬಿಡಿ. ಎಂಬಿಬಿಎಸ್ ಹುಡುಗರು ಪರೀಕ್ಷೆ ಎಲ್ಲ ಪಾಸಾದ ಮೇಲೂ ಒಂದು ವರ್ಷ ವಾರ್ಡಿನಲ್ಲಿ ದುಡಿಯದೆ ಡಿಗ್ರಿ ಕೈಗೆ ಬರುವುದಿಲ್ಲವಲ್ಲ, ಹಾಗೆ. ನಮ್ಮದೂ ಒಂದು ವರ್ಷ, ಹೆಚ್ಚುಕಡಿಮೆ 2000 ಗಂಟೆ. ಅದು ಮುಗಿಯುವವರೆಗೆ ಹೆಸರಿನ ಮುಂದೆ ಡಾಕ್ಟರ್ ಇಲ್ಲ.

ಇನ್ನು ವೀಸಾ. ಪ್ರಬಂಧ ಬರೆಯಲು ಕೂರುವ ಮೊದಲು ಇದನ್ನು ನೋಡಿಕೊಳ್ಳಿ. ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೆಗಳಿವೆಯಲ್ಲ, ಎಲ್ಲರೂ ವಿಎ ಅನ್ನುವುದು, ಅವನ್ನು ಪಟ್ಟಿಯಿಂದ ಈಗಲೇ ತೆಗೆದುಬಿಡಿ. ಅಮೆರಿಕದಲ್ಲಿ ಅತಿ ಹೆಚ್ಚು ಸೈಕಾಲಜಿಸ್ಟ್‌ಗಳನ್ನು ತಯಾರು ಮಾಡುವುದು ಅವರೇ, ಆದರೆ ಅಲ್ಲಿ ಇಂಟರ್ನ್ ಆಗಲು ಪೌರತ್ವ ಬೇಕು. ಗ್ರೀನ್ ಕಾರ್ಡ್ ಇದ್ದರೂ ಸಾಲದು. ನಾನು ಇದು ಗೊತ್ತಿಲ್ಲದೆ ನಾಲ್ಕು ವಿಎಗಳಿಗೆ ಕವರ್ ಲೆಟರ್ ಬರೆದು ಇಟ್ಟಿದ್ದೆ. ನಾಲ್ಕು ವಾರಾಂತ್ಯ ನೀರಿಗೆ ಹೋಯಿತು.

ಬೇರೆ ಆಸ್ಪತ್ರೆಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಎಪಿಪಿಐಸಿ ಅಂತ ಈ ಇಂಟರ್ನ್‌ಶಿಪ್‌ಗಳನ್ನು ನೋಡಿಕೊಳ್ಳುವ ಸಂಘ ಇದೆ, ಅದರ ಡೈರೆಕ್ಟರಿಯಲ್ಲಿ ಪ್ರತಿ ಸೈಟಿನ (ಇಂಟರ್ನ್‌ಶಿಪ್ ಕೊಡುವ ಜಾಗದ) ಪುಟದಲ್ಲೂ ಪೌರತ್ವ ಬೇಕೋ ಬೇಡವೋ ಅಂತ ಇರುತ್ತದೆ. ಅನುಮಾನ ಬಂದರೆ ತರಬೇತಿ ನಿರ್ದೇಶಕರಿಗೆ ಎರಡು ಸಾಲಿನ ಮೇಲ್ ಹಾಕಿ. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ.

ಅದಕ್ಕಿಂತ ಮುಖ್ಯವಾದದ್ದು ಸಿಪಿಟಿ, ಅಂದರೆ ಓದುತ್ತಿರುವಾಗಲೇ ಕೋರ್ಸಿನ ಭಾಗವಾಗಿ ಕೆಲಸ ಮಾಡಲು ಸಿಗುವ ಅನುಮತಿ. ಇಂಟರ್ನ್‌ಶಿಪ್ ಕೋರ್ಸಿನ ಭಾಗ, ಹಾಗಾಗಿ ಸಾಮಾನ್ಯವಾಗಿ ಸಿಪಿಟಿ ಮೇಲೆ ಮಾಡುತ್ತಾರೆ. ಆದರೆ ಪೂರ್ಣಾವಧಿ ಸಿಪಿಟಿ 12 ತಿಂಗಳು ಮುಟ್ಟಿತು ಅಂದರೆ ಆ ಡಿಗ್ರಿಯ ಒಪಿಟಿ, ಅಂದರೆ ಓದು ಮುಗಿದ ಮೇಲೆ ಕೆಲಸ ಮಾಡುವ ಅನುಮತಿ, ಹೋಯಿತು. ಇಂಟರ್ನ್‌ಶಿಪ್ ಇರುವುದು ಸರಿಯಾಗಿ 12 ತಿಂಗಳು! ಮುಂದೆ ಪೋಸ್ಟ್‌ಡಾಕ್ (ಡಾಕ್ಟರೇಟ್ ಆದ ಮೇಲಿನ ತರಬೇತಿ) ಮಾಡಲು ನಿಮಗೆ ಸಾಮಾನ್ಯವಾಗಿ ಒಪಿಟಿಯೇ ಬೇಕು. ನನ್ನ ಆಸ್ಪತ್ರೆಯವರು ರಜೆಯ ಲೆಕ್ಕ ಹಿಡಿದು ಕೊನೆಯ ದಿನವನ್ನು ಸ್ವಲ್ಪ ಹಿಂದಕ್ಕೆ ಹೊಂದಿಸಿಕೊಟ್ಟರು. ಹಿಂದೆ ಓದಿನ ನಡುವಿನ ಕ್ಲಿನಿಕಲ್ ತರಬೇತಿಗೆ, ಅಂದರೆ ಪ್ರಾಕ್ಟಿಕಮ್‌ಗೆ ಪೂರ್ಣಾವಧಿ ಸಿಪಿಟಿ ಬಳಸಿದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆ. ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಆಫೀಸಿನಲ್ಲಿ ಈ ವಾರವೇ ಕೂತು ಮಾತಾಡಿ. ಫೆಬ್ರವರಿಯಲ್ಲಿ ಮ್ಯಾಚ್ ಆದ ಮೇಲೆ ನೋಡೋಣ ಅನ್ನಬೇಡಿ. ಮ್ಯಾಚ್ ಅಂದರೆ ಅರ್ಜಿ ಹಾಕಿದವರೂ ಸೈಟಿನವರೂ ಇಷ್ಟದ ಕ್ರಮದಲ್ಲಿ ರ‍್ಯಾಂಕ್ ಪಟ್ಟಿ ಕೊಟ್ಟ ಮೇಲೆ ಯಾರು ಎಲ್ಲಿಗೆ ಅಂತ ಕಂಪ್ಯೂಟರ್ ಹೊಂದಿಸುವುದು. ಅದು ಎರಡೂ ಕಡೆಯವರಿಗೆ ಕಟ್ಟುಪಾಡು, ಆಮೇಲೆ "ಆಗಲ್ಲ" ಅನ್ನುವ ಹಾಗಿಲ್ಲ.

ಆಸ್ಪತ್ರೆಯ ದಿನದ ಬಗ್ಗೆ ಕೇಳಿದಿರಿ. ನನ್ನ ಮೊದಲ ವಾರದ ಕಥೆ ಹೇಳುತ್ತೇನೆ. ಬೆನ್ನುನೋವಿನ ರೋಗಿಯೊಬ್ಬರಿಗೆ ಬೆನ್ನುಹುರಿಯ ಹತ್ತಿರ ನೋವು ತಗ್ಗಿಸುವ ಯಂತ್ರ ಕೂರಿಸಬೇಕಿತ್ತು. ಅದಕ್ಕೆ ಮೊದಲು ಸೈಕಾಲಜಿಯಿಂದ ಮೌಲ್ಯಮಾಪನ ಆಗಬೇಕು. ನಾನು ಎರಡು ಗಂಟೆ ಮಾತಾಡಿಸಿ, ನಾಲ್ಕು ಪುಟದ ವರದಿ ಬರೆದೆ. ಬಾಲ್ಯ, ಮದುವೆ, ಅಮ್ಮನ ಜೊತೆಗಿನ ಸಂಬಂಧ, ಎಲ್ಲ ಇತ್ತು. ಕ್ಲಿನಿಕ್ಕಿನಲ್ಲಿ ಹಾಗೇ ಕಲಿಸಿದ್ದರಲ್ಲ. ಮರುದಿನ ನೋವಿನ ಡಾಕ್ಟರ್ ಕಾರಿಡಾರಿನಲ್ಲಿ ಸಿಕ್ಕಿ ಕೇಳಿದ್ದು ಒಂದೇ ಮಾತು: "ಮಾಡಬಹುದಾ, ಬೇಡವಾ, ಕಾಯಬೇಕಾ?" ಉತ್ತರ ನನ್ನ ವರದಿಯಲ್ಲಿ ಇತ್ತು, ಮೂರನೇ ಪುಟದ ಕೊನೆಯಲ್ಲಿ. ಅಲ್ಲಿಯವರೆಗೆ ಯಾರು ಓದುತ್ತಾರೆ? ನನ್ನ ಸೂಪರ್‌ವೈಸರ್ ಬೈಯಲಿಲ್ಲ. ಪಕ್ಕ ಕೂರಿಸಿಕೊಂಡು ಮೇಲೆ ಮೂರು ಸಾಲು ಬರೆಸಿದರು: ಏನು ತೀರ್ಮಾನ, ಯಾಕೆ, ಮುಂದೇನು. ಉಳಿದದ್ದರಲ್ಲಿ ಅರ್ಧ ಹೊಡೆದುಹಾಕಿಸಿದರು. ಅಮ್ಮನ ಸಂಬಂಧ ಪೂರ್ತಿ ಹೋಯಿತು. ರೋಗಿಯ ಚಾರ್ಟನ್ನು ನರ್ಸಿನಿಂದ ಹಿಡಿದು ಎಲ್ಲರೂ ತೆರೆಯುತ್ತಾರೆ, ಈಗಂತೂ ರೋಗಿಯೇ ಫೋನಿನಲ್ಲಿ ಓದುತ್ತಾನೆ, ಬೇಕಾಗಿಲ್ಲದ್ದನ್ನು ಅಲ್ಲಿ ಯಾಕೆ ಇಡುತ್ತೀರಿ ಅಂದರು. ಆ ವರ್ಷ ನಾನು ಕಲಿತದ್ದರಲ್ಲಿ ಇದೇ ದೊಡ್ಡದು.

50 ನಿಮಿಷದ ಸೆಷನ್, ಮುಚ್ಚಿದ ಬಾಗಿಲು, ಇವನ್ನೂ ಮರೆತುಬಿಡಿ. ಪ್ರೈಮರಿ ಕೇರ್ ರೊಟೇಶನ್ನಿನಲ್ಲಿ, ಅಂದರೆ ಸಾಮಾನ್ಯ ಡಾಕ್ಟರ ಕ್ಲಿನಿಕ್ಕಿನ ಸರದಿಯಲ್ಲಿ, ಡಾಕ್ಟರ್ ಬಾಗಿಲು ತಟ್ಟಿ, "ಒಬ್ಬರನ್ನು ಈಗಲೇ ನೋಡಬಹುದಾ" ಅನ್ನುತ್ತಾರೆ. ಪಿಎಚ್‌ಕ್ಯು-9 ಅನ್ನುವ ಖಿನ್ನತೆಯ ಪ್ರಶ್ನೆಗಳ ಹಾಳೆಯ ಒಂಬತ್ತನೇ ಪ್ರಶ್ನೆಗೆ, ಅದೇ ಸಾಯುವ ಯೋಚನೆಯ ಪ್ರಶ್ನೆಗೆ, ರೋಗಿ ಗುರುತು ಹಾಕಿರುತ್ತಾರೆ. ನಿಮಗೆ ಇರುವುದು 20 ನಿಮಿಷ. ವಾರ್ಡಿನಲ್ಲಾದರೆ ಮಾತು ಮುಖ್ಯವಾದ ಜಾಗಕ್ಕೆ ಬಂದಾಗಲೇ ರಕ್ತ ತೆಗೆಯುವವರು ಒಳಗೆ ಬರುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡಿ. ಅದು ಅವರ ಮನೆ, ನಾವು ಹೋದವರು.

ಲಿವರ್ ಕಸಿಗೆ ಮೊದಲು ಮಾಡುವ ಮೌಲ್ಯಮಾಪನದ ಬಗ್ಗೆ ಮಾತ್ರ ಎಚ್ಚರಿಸುತ್ತೇನೆ. ಎದುರಿಗೆ ಕೂತವರಿಗೆ ನೀವು ಬರೆಯುವ ವರದಿಯ ತೂಕ ಗೊತ್ತಿರುತ್ತದೆ. ಕುಡಿತದ ಬಗ್ಗೆ ಕೇಳಿದರೆ ಸರಿಯಾದ ಉತ್ತರ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ತೀರ್ಮಾನ ತಂಡದ್ದು, ನಿಮ್ಮೊಬ್ಬರದ್ದಲ್ಲ. ಆದರೂ ಆ ರಾತ್ರಿ ನಿದ್ದೆ ಬರುವುದಿಲ್ಲ. ಅದಕ್ಕೇ ಸೂಪರ್‌ವಿಷನ್ ಇರುವುದು. ಎಪಿಎ, ಅಂದರೆ ಅಮೆರಿಕದ ಸೈಕಾಲಜಿಸ್ಟ್‌ಗಳ ಸಂಘದ, ಮಾನ್ಯತೆ ಇರುವ ಕಡೆ ವಾರಕ್ಕೆ ಕನಿಷ್ಠ 4 ಗಂಟೆ, ಅದರಲ್ಲಿ 2 ಗಂಟೆ ಒಬ್ಬರಿಗೊಬ್ಬರು ಕೂತು. ಸಂದರ್ಶನದಲ್ಲಿ ಈಗಿನ ಇಂಟರ್ನ್‌ಗಳು ಸಿಗುತ್ತಾರೆ. ಆ 4 ಗಂಟೆ ನಿಜವಾಗಿ ಸಿಗುತ್ತದಾ ಅಂತ ಅವರನ್ನೇ ಕೇಳಿ. ಅವರು ಉತ್ತರ ಹೇಳುವ ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅರ್ಥ ಮಾಡಿಕೊಳ್ಳಿ.

ಶಿವಮೊಗ್ಗದ ಹುಡುಗ, ಟೆಕ್ಸಾಸ್

ಅಕ್ಕ ಮೇಲೆ ಎಲ್ಲ ಹೇಳಿದ್ದಾರೆ. ನಾನು ಮಾಡಿದ ತಪ್ಪು ಮಾತ್ರ ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ನಾನು ಮ್ಯಾಚ್ ಆಗಲಿಲ್ಲ.

12 ಸೈಟಿಗೆ ಹಾಕಿದ್ದೆ. (ಅಪ್ಪನಿಗೆ "12 ಸೈಟಿಗೆ ಅರ್ಜಿ ಹಾಕಿದ್ದೇನೆ" ಅಂದಾಗ "ಬಿಡಿಎಯಲ್ಲಾ? 30-40 ಆ?" ಅಂತ ಕೇಳಿದ್ದರು.) ಒಂಬತ್ತು ಬಾಸ್ಟನ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಕಡೆಯವು. ಅದರಲ್ಲಿ ನಾಲ್ಕು ಮಕ್ಕಳ ಆಸ್ಪತ್ರೆ. ನಾನು ಅಲ್ಲಿಯವರೆಗೆ ನೋಡಿದ್ದು ಒಟ್ಟು ಆರು ಮಕ್ಕಳನ್ನು! ಹೆಸರು ನೋಡಿ ಹಾಕಿದ್ದು, ಕೆಲಸ ನೋಡಿ ಅಲ್ಲ. ಮೂರು ಸಂದರ್ಶನ ಬಂತು. ಮೂರನೆಯದು ಪುಟ್ಟ ಊರಿನ ಆಸ್ಪತ್ರೆ ಅಂತ ರ‍್ಯಾಂಕ್ ಪಟ್ಟಿಯಲ್ಲಿ ಹಾಕಲೇ ಇಲ್ಲ. ಫೆಬ್ರವರಿಯ ಆ ಶುಕ್ರವಾರ ಬೆಳಗ್ಗೆ ಮೇಲ್ ಬಂದಾಗ ನಾನು ಇದ್ದದ್ದು ಬಸ್ಸಿನಲ್ಲಿ. ಎರಡು ಸ್ಟಾಪ್ ಮುಂದೆ ಹೋಗಿ ಇಳಿದೆ.

ಎರಡನೇ ಸುತ್ತು ಇರುತ್ತದೆ, ಮಾರ್ಚಿನಲ್ಲಿ ಮುಗಿಯುತ್ತದೆ. ಉಳಿದ ಜಾಗಗಳ ಪಟ್ಟಿ ಬರುತ್ತದೆ, ಕೆಲವೇ ದಿನ ಸಮಯ. ನಾನು ಎಂಟು ಕಡೆ ಹಾಕಿದೆ, ಹಳ್ಳಿಗಾಡಿನ ಒಂದು ಆಸ್ಪತ್ರೆ ಸಿಕ್ಕಿತು. ಡಯಾಲಿಸಿಸ್, ಹೆರಿಗೆ ವಾರ್ಡ್, ಕ್ಯಾನ್ಸರ್, ಎಲ್ಲದಕ್ಕೂ ನಾವು ಮೂವರೇ ಇಂಟರ್ನ್‌ಗಳು. ದೊಡ್ಡ ಕಡೆ ಹೋದ ಗೆಳೆಯರಿಗಿಂತ ನಾನು ಜಾಸ್ತಿ ರೋಗಿಗಳನ್ನು ನೋಡಿದೆ. ಆದರೂ ಆ ನಡುವಿನ ದಿನಗಳು ನನ್ನ ಶತ್ರುವಿಗೂ ಬೇಡ.

ಇನ್ನೊಂದು ಪೆದ್ದುತನ. ಮೊದಲ ಸುತ್ತಿನ ರ‍್ಯಾಂಕ್ ಪಟ್ಟಿಯಲ್ಲಿ ಉಳಿದ ಎರಡು ಸೈಟುಗಳನ್ನು ನನಗೆ ಬೇಕಾದ ಕ್ರಮದಲ್ಲಿ ಬರೆಯಲಿಲ್ಲ. "ಇವರು ಚೆನ್ನಾಗಿ ನಕ್ಕು ಮಾತಾಡಿದರು, ಇವರು ನನ್ನನ್ನು ತೆಗೆದುಕೊಳ್ಳಬಹುದು" ಅಂತ ಅವರನ್ನು ಮೇಲೆ ಹಾಕಿದೆ.

ಮೈಸೂರಿನವಳು

ತಮ್ಮ ಹೇಳಿದ ಆ ಕೊನೆಯ ಮಾತು ಮುಖ್ಯ, ಬಿಡಿಸಿ ಹೇಳುತ್ತೇನೆ. ಕಂಪ್ಯೂಟರ್ ನಿಮ್ಮ ಪಟ್ಟಿಯ ಮೊದಲ ಸೈಟಿನಿಂದ ಶುರು ಮಾಡುತ್ತದೆ. ಅವರೂ ನಿಮ್ಮನ್ನು ತಮ್ಮ ಪಟ್ಟಿಯಲ್ಲಿ ಬರೆದಿದ್ದು, ಅಲ್ಲಿ ಜಾಗ ಇದ್ದರೆ ಸದ್ಯಕ್ಕೆ ಕೂರಿಸುತ್ತದೆ. ಆ ಸೈಟಿನವರು ನಿಮಗಿಂತ ಮೇಲೆ ಬರೆದ ಇನ್ನೊಬ್ಬರು ಆಮೇಲೆ ಬಂದರೂ ನಿಮ್ಮನ್ನು ಎಬ್ಬಿಸಿ ಅವರನ್ನು ಕೂರಿಸುತ್ತದೆ, ನೀವು ನಿಮ್ಮ ಎರಡನೇ ಸೈಟಿಗೆ ಹೋಗಿ ಕೇಳುತ್ತೀರಿ. ಮೊದಲು ಬಂದು ಟವಲ್ ಹಾಕಿ ಸೀಟು ಹಿಡಿಯುವ ಆಟ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಕನಸಿನ ಜಾಗವನ್ನು ಮೇಲೆ ಬರೆದರೆ ಕೆಳಗಿನದ್ದರಲ್ಲಿ ಅವಕಾಶ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ಈ ಬಗೆಯ ಹೊಂದಾಣಿಕೆಯ ಮೇಲೆ ಕೆಲಸ ಮಾಡಿದ್ದಕ್ಕೇ ಲಾಯ್ಡ್ ಶ್ಯಾಪ್ಲಿ ಮತ್ತು ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದದ್ದು. ನೀವು ಬುದ್ಧಿವಂತಿಕೆ ತೋರಿಸಲು ಹೋಗಬೇಡಿ. ಇಷ್ಟದ ಕ್ರಮದಲ್ಲಿ ಬರೆಯಿರಿ, ಸತ್ತರೂ ಹೋಗಲಾರೆ ಅನ್ನುವ ಜಾಗ ಬಿಟ್ಟು ಉಳಿದದ್ದನ್ನೆಲ್ಲ ಬರೆಯಿರಿ. "ನೀವು ನಮ್ಮನ್ನು ಎಷ್ಟನೆಯದಾಗಿ ಹಾಕುತ್ತೀರಿ" ಅಂತ ಸೈಟಿನವರು ಕೇಳುವ ಹಾಗೂ ಇಲ್ಲ.

ಎಷ್ಟು ಹಾಕಬೇಕು ಅಂದರೆ, ನಾನು 15 ಹಾಕಿದೆ, ಅದಕ್ಕಿಂತ ಜಾಸ್ತಿ ಹಾಕಿದ್ದರೆ ಕವರ್ ಲೆಟರ್ ಕೆಡುತ್ತಿತ್ತು. ಒಂದೊಂದಕ್ಕೂ ಬೇರೆ ಬರೆಯಬೇಕು. ನಾಲ್ಕು ಪ್ರಬಂಧ, ಒಂದೊಂದು 500 ಪದ, ಅವು ಎಲ್ಲರಿಗೂ ಒಂದೇ. ಹಾಗಾಗಿ ಆ ಸೈಟಿಗಾಗಿಯೇ ಬರೆದದ್ದು ಅಂತ ಅವರಿಗೆ ಕಾಣುವುದು ಕವರ್ ಲೆಟರ್‌ನಲ್ಲಿ ಮಾತ್ರ. ನಿಮಗೆ ಆಸ್ಪತ್ರೆಯ ಅನುಭವ ಇಲ್ಲ ಅನ್ನುವುದನ್ನು ಮುಚ್ಚಿಡಬೇಡಿ. ಕೌನ್ಸೆಲಿಂಗ್ ಸೆಂಟರ್‌ನಲ್ಲಿ ಮೈಗ್ರೇನ್, ಸಕ್ಕರೆ ಕಾಯಿಲೆ, ನಿದ್ದೆಯ ತೊಂದರೆ ಇರುವವರು ಬಂದೇ ಬಂದಿರುತ್ತಾರೆ ಅಲ್ವಾ? ಅವರ ಬಗ್ಗೆ ಬರೆಯಿರಿ.

ಮತ್ತೆ, ಎಪಿಪಿಐಸಿಯನ್ನು ಇಲ್ಲಿ ಎಲ್ಲರೂ ಏಪಿಕ್ ಅನ್ನುತ್ತಾರೆ. ಆಸ್ಪತ್ರೆಯ ಚಾರ್ಟ್ ಸಾಫ್ಟ್‌ವೇರ್ ಹೆಸರು ಎಪಿಕ್. ನಮ್ಮ ದೀರ್ಘ ಇಲ್ಲಿ ಕೆಲಸಕ್ಕೆ ಬರುತ್ತದೆ.

ಇಲ್ಲೇ ಹುಟ್ಟಿದವಳು, ನ್ಯೂಜೆರ್ಸಿ

ನನ್ನದು ಅಡುಗೆಮನೆ ಕನ್ನಡ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ವಿಎಯಲ್ಲಿ ಮಾಡಿದೆ. ಪೌರತ್ವ ಇರುವವರು ಇದನ್ನು ಓದುತ್ತಿದ್ದರೆ ಖಂಡಿತ ಹಾಕಿ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ ಶುರುವಾದ ತರಬೇತಿ ಅದು, ಎಲ್ಲ ಪಳಗಿದೆ. ಸಂಬಳ ಎಲ್ಲಿ ಹೋದರೂ ಕಡಿಮೆಯೇ. ಹೊಸ ಊರಿಗೆ ಹೋಗುವ ಖರ್ಚು ಅವರು ಕೊಡಲಿಲ್ಲ, ನಾನು ಮೊದಲ ಎರಡು ತಿಂಗಳು ಅಣ್ಣನ ಹತ್ತಿರ ಸಾಲ ಮಾಡಿದೆ. ಈಗಿಂದಲೇ ಸ್ವಲ್ಪ ಎತ್ತಿಡಿ.

ಬೆಂಗಳೂರು, ನಿಮ್ಹಾನ್ಸ್‌ನಲ್ಲಿ ಎಂಫಿಲ್ ಮುಗಿಸಿ ಇಲ್ಲಿಗೆ ಬಂದವಳು

ನನ್ನ ಹಾಗೆ ಅಲ್ಲಿ ಎರಡು ವರ್ಷ ವಾರ್ಡಿನಲ್ಲಿ ಕಳೆದು ಬಂದವರಿಗೆ ಒಂದು ಮಾತು. ಆ ಗಂಟೆಗಳು ಇಲ್ಲಿಯ ಡಾಕ್ಟರೇಟ್ ಗಂಟೆಗಳ ಜೊತೆ ಸೇರುವುದಿಲ್ಲ. ನನಗೆ ಅಳು ಬಂದಿತ್ತು. ಆದರೆ ಸಂದರ್ಶನದಲ್ಲಿ ಎಲ್ಲರೂ ಕೇಳಿದ್ದು ಅದನ್ನೇ. ಅಲ್ಲಿ ರೋಗಿಯ ಜೊತೆ ಮನೆಯವರೂ ವಾರ್ಡಿನಲ್ಲಿ ಉಳಿಯುತ್ತಾರೆ, ಮಾತುಕತೆಗೆ ಅತ್ತೆ, ಮಾವ, ಅಣ್ಣ ಎಲ್ಲರೂ ಕೂರುತ್ತಾರೆ ಅಂದರೆ ಇವರಿಗೆ ಆಶ್ಚರ್ಯ. ಅದನ್ನು ಬರೆಯಿರಿ.

ನಮ್ಮ ಭಾಷೆ ಕೆಲಸಕ್ಕೆ ಬಂದ ಒಂದು ಸಂದರ್ಭ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಮಗಳ ಬಾಣಂತನಕ್ಕೆ ಅಂತ ಬಂದಿದ್ದ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡು ವಾರ್ಡ್ ಸೇರಿದ್ದರು. ಊಟ ಬಿಟ್ಟಿದ್ದರು. ಫೋನಿನಲ್ಲಿ ದುಭಾಷಿ ಇದ್ದರು. ಅಜ್ಜಿ "ಹೊಟ್ಟೆ ಉರೀತದೆ ಕಣವ್ವ" ಅಂದರು. ಹೊಟ್ಟೆಯಲ್ಲಿ ಉರಿ ಅಂತ ಅನುವಾದ ಆಯಿತು. ಆಸಿಡಿಟಿಗೆ ಮಾತ್ರೆ ಬರೆದರು. ನಾನು ಮೂಲೆಯಲ್ಲಿ ನಿಂತಿದ್ದೆ. ಮಗಳ ಸೇವೆ ಮಾಡಲು ಬಂದು ತಾನೇ ಹಾಸಿಗೆ ಹಿಡಿದೆನಲ್ಲ ಅನ್ನುವ ಸಂಕಟ ಅದು ಅಂತ ನನಗೆ ಗೊತ್ತಾಯಿತು. ನಾನೇ ಮಾತಾಡುತ್ತೇನೆ ಅಂತ ಮುಂದೆ ಹೋದೆ. ಸೂಪರ್‌ವೈಸರ್ ತಡೆದರು. ಭಾಷೆ ಬರುತ್ತದೆ ಅಂದ ಮಾತ್ರಕ್ಕೆ ದುಭಾಷಿ ಆಗುವ ಹಾಗಿಲ್ಲ, ಅದಕ್ಕೆ ಆಸ್ಪತ್ರೆಯ ಪರೀಕ್ಷೆ ಇದೆ. ಆಗ ಸಿಟ್ಟು ಬಂತು. ಆಮೇಲೆ ಅವರೇ ದಾರಿ ಹೇಳಿದರು: ದುಭಾಷಿ ಇರಲಿ, ನೀನು ಅನುವಾದ ಮಾಡಬೇಡ, ಆ ಮಾತಿನ ಇನ್ನೊಂದು ಅರ್ಥ ಏನು ಅಂತ ತಂಡಕ್ಕೆ ಹೇಳು. ಹೇಳಿದೆ. ಮಗಳಿಗೆ ಕೂಸನ್ನು ವಾರ್ಡಿಗೆ ತರಲು ಅನುಮತಿ ಕೊಡಿಸಿದೆವು. ಮಾತ್ರೆಯನ್ನೂ ನಿಲ್ಲಿಸಲಿಲ್ಲ, ಅಜ್ಜಿಗೆ ಆಸಿಡಿಟಿಯೂ ಇತ್ತು!

ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿಯಿಂದ ಐದು ವಿಎ ತೆಗೆದೆ, ಎರಡು ಮಕ್ಕಳ ಆಸ್ಪತ್ರೆಯನ್ನೂ ತೆಗೆದೆ. 13 ಉಳಿದಿವೆ. ಎರಡು ಪುಟ್ಟ ಊರಿನವನ್ನು ಸೇರಿಸುತ್ತಿದ್ದೇನೆ. ವಿದೇಶಿ ವಿದ್ಯಾರ್ಥಿಗಳ ಆಫೀಸಿನವರು ಗುರುವಾರ 10 ಗಂಟೆಗೆ ಬಾ ಅಂದಿದ್ದಾರೆ. ಬೇಸಿಗೆಯಲ್ಲಿ ಎರಡು ತಿಂಗಳು ಪೂರ್ಣಾವಧಿ ಸಿಪಿಟಿ ಬಳಸಿದ್ದು ಈಗ ನೆನಪಾಯಿತು, ಅದನ್ನೇ ಮೊದಲು ಕೇಳುತ್ತೇನೆ.

ಅಪ್ಪನಿಗೆ ಹೌಸ್ ಸರ್ಜನ್ಸಿ ಅಂದೆ. ತಕ್ಷಣ ಒಪ್ಪಿಕೊಂಡರು. ಈಗ ಚಿಕ್ಕಪ್ಪನ ಮಂಡಿನೋವಿಗೆ ಯಾವ ಮಾತ್ರೆ ಅಂತ ಕೇಳುತ್ತಿದ್ದಾರೆ.