ಸ್ವರ್ಣಕಮಲ ಪಡೆದ ಕನ್ನಡ ಚಿತ್ರಗಳನ್ನು ನೋಡುತ್ತಿದ್ದೇನೆ: ‘ಸಂಸ್ಕಾರ’ ಯಾಕೋ ಒಳಗಿಳಿಯಲಿಲ್ಲ

ಜಮಾಖರ್ಚು:

ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆದ ಕನ್ನಡ ಚಿತ್ರಗಳು ಆರು: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಪ್ರಶಸ್ತಿ ಬಂದ ಕ್ರಮದಲ್ಲೇ ನೋಡುವುದೆಂದು ಹಟ ಹಿಡಿದು ಭಾನುವಾರಕ್ಕೊಂದರಂತೆ ‘ತಬರನ ಕಥೆ’ಯವರೆಗೆ ಬಂದಿದ್ದೇನೆ. ಜೊತೆಗೆ ಅಪ್ಪ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಸಿನಿಮಾ ನಡೆಯುವಾಗ ಸುಮ್ಮನೆ ಕೂರುವುದು ಅವರ ಜಾಯಮಾನದಲ್ಲಿ ಇಲ್ಲ.

‘ಚೋಮನ ದುಡಿ’ಯಲ್ಲಿ ಹುಡುಗ ನೀರಿನಲ್ಲಿ ಮುಳುಗುತ್ತಾನೆ, ಮುಟ್ಟಿದರೆ ಮೈಲಿಗೆ ಎಂದು ಯಾರೂ ಕೈ ಚಾಚುವುದಿಲ್ಲ. ಆಗ ಮಾತ್ರ ಅಪ್ಪನ ಬಾಯಿ ಕಟ್ಟಿತು. ‘ತಬರನ ಕಥೆ’ಯ ಹೊತ್ತಿಗೆ ಅದಕ್ಕೆಲ್ಲ ಬಡ್ಡಿ ಸೇರಿಸಿ ಮಾತನಾಡಿದರು. ತಬರನಾದ ಚಾರುಹಾಸನ್ ಪಿಂಚಣಿಗಾಗಿ ಮೇಜಿನಿಂದ ಮೇಜಿಗೆ ಅಲೆಯುತ್ತಿದ್ದರೆ ಇವರು, “ಆ ಕಡತ ಅಲ್ಲಿಗೆ ಹೋಗಬೇಕಾದದ್ದೇ ಅಲ್ಲ, ಟಿಪ್ಪಣಿ ಬರೆದು ಮೇಲಕ್ಕೆ ಕಳುಹಿಸಿದ್ದರೆ ಮುಗಿಯುತ್ತಿತ್ತು” ಎಂದು ಪರದೆಗೇ ಬುದ್ಧಿ ಹೇಳುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ, “ನಮ್ಮಲ್ಲೂ ಒಬ್ಬರು ಹೀಗೆ ಬರುತ್ತಿದ್ದರು” ಎಂದರು. ಯಾರು, ಏನಾಯಿತು ಎಂದು ಕೇಳಿದರೆ ಉತ್ತರವಿಲ್ಲ.

ನನ್ನ ತಕರಾರು ‘ಸಂಸ್ಕಾರ’ದ ಬಗ್ಗೆ. ಕಾದಂಬರಿ ಓದಿಯೇ ಕುಳಿತಿದ್ದೆ. ಅಲ್ಲಿ ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರು ತಮ್ಮೊಳಗೇ ಕುಸಿಯುವುದು ಪುಟಪುಟಕ್ಕೂ ಕೇಳಿಸುತ್ತದೆ. ಚಿತ್ರದಲ್ಲಿ ಗಿರೀಶ ಕಾರ್ನಾಡರು ನಡೆಯುತ್ತಾರೆ, ಕೂರುತ್ತಾರೆ, ದೂರ ನೋಡುತ್ತಾರೆ. ಒಳಗೇನಾಗುತ್ತಿದೆ ಎಂಬುದು ಮುಖದ ಹೊರಗೆ ಬರುವುದೇ ಇಲ್ಲ. ಚಿತ್ರಕಥೆಯೂ ಅವರದ್ದೇ ಎನ್ನುವಾಗ ಇನ್ನಷ್ಟು ಆಶ್ಚರ್ಯ. ಎಲ್ಲರೂ ಹೊಗಳುವ ಚಿತ್ರದಲ್ಲಿ ನನಗೆ ಕಾಣದೆ ಹೋದದ್ದು ಏನು? ಉಳಿದ ಎರಡನ್ನೂ ಇದೇ ಕ್ರಮದಲ್ಲಿ ನೋಡಲೇ?

ಹಳೇ ರೀಲು:

ನೀವು ಆಚಾರ್ಯರನ್ನೇ ನೋಡುತ್ತಾ ಕುಳಿತಿರಿ, ಚಿತ್ರ ಅಗ್ರಹಾರವನ್ನು ನೋಡುತ್ತಿತ್ತು. ಆಚಾರ ಮುರಿದು ಬದುಕಿದ ನಾರಣಪ್ಪನ ಹೆಣ ಮನೆಯಲ್ಲಿದೆ, ಅದು ಹೊರಬೀಳುವವರೆಗೆ ಯಾರೂ ಉಣ್ಣುವಂತಿಲ್ಲ, ಆದರೂ ಸಂಸ್ಕಾರ ಮಾಡಲು ಯಾರೂ ಸಿದ್ಧರಿಲ್ಲ. ಅವನ ಜೊತೆ ಬಾಳಿದ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಖರ್ಚಿಗೆಂದು ಮುಂದಿಡುತ್ತಾಳೆ. ಅಷ್ಟರವರೆಗೆ ಧರ್ಮಸೂಕ್ಷ್ಮವಾಗಿದ್ದದ್ದು ಆ ಕ್ಷಣದಿಂದ ಚಿನ್ನದ ಲೆಕ್ಕವಾಗುತ್ತದೆ. ಆ ದೃಶ್ಯವನ್ನು ಇನ್ನೊಮ್ಮೆ ಹಾಕಿ, ಯಾರು ಯಾರ ಕಡೆ ನೋಡುತ್ತಾರೆ ಎಂಬುದನ್ನಷ್ಟೇ ಗಮನಿಸಿ.

ಕ್ಯಾಮೆರಾ ಹಿಡಿದವರು ಟಾಮ್ ಕೋವನ್, ಆಸ್ಟ್ರೇಲಿಯಾದವರು. ಮಡಿ-ಮೈಲಿಗೆಯ ಹಂಗಿಲ್ಲದ ಕಣ್ಣು. ನಿಮಗೆ ತಣ್ಣಗೆ ಅನ್ನಿಸಿದ ಆ ದೂರವೇ ಚಿತ್ರದ ಶಕ್ತಿ ಎಂದು ನನ್ನ ಎಣಿಕೆ. ಅಂದಿನ ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿದದ್ದೂ ಸುಮ್ಮನೆ ಅಲ್ಲ. ದೂರ ನಿಂತು ನೋಡುವವನಿಗೆ ಮುಲಾಜು ಇರುವುದಿಲ್ಲವಲ್ಲ. ರಾಜೀವ ತಾರಾನಾಥರ ಸಂಗೀತಕ್ಕಾಗಿಯಾದರೂ ಮತ್ತೆ ನೋಡಬಹುದು.

ತುಂಗೆಯ ದಡ:

ನಮ್ಮ ಕಡೆಯ ಚಿತ್ರ, ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ ತೆಗೆದದ್ದು. ಆದರೂ ನನ್ನ ಮತ ಪ್ರಶ್ನೆ ಕೇಳಿದವರಿಗೆ. ಮನೆ, ಅಂಗಳ, ದಾರಿ ಎಲ್ಲವೂ ನಿಜ. ಮನುಷ್ಯರು ಮಾತ್ರ ವಾದ ಮಂಡಿಸಲು ನಿಂತವರ ಹಾಗೆ ಕಾಣುತ್ತಾರೆ. ‘ಘಟಶ್ರಾದ್ಧ’ದಲ್ಲಿ ಆ ಭಾವನೆ ಬರುವುದಿಲ್ಲ. ಬಸುರಾದ ವಿಧವೆ ಯಮುನೆ ಹುತ್ತದೊಳಗೆ ಕೈ ಇಡುವಾಗ ಯಾರೂ ಏನನ್ನೂ ವಾದಿಸುತ್ತಿಲ್ಲ. ಕೊನೆಗೆ ತಲೆ ಬೋಳಿಸಿಕೊಂಡು ಮರದಡಿ ಕುಳಿತ ಅವಳನ್ನು ಪುಟ್ಟ ಹುಡುಗ ನಾಣಿ ನೋಡುತ್ತಾನಲ್ಲ, ಅದನ್ನು ವಿವರಿಸಲು ಒಂದು ಮಾತನ್ನೂ ಖರ್ಚು ಮಾಡಿಲ್ಲ. ಅದು ನಿರ್ದೇಶಕ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ಎಂದರೆ ನಂಬುವುದು ಕಷ್ಟ. ನೀವು ನೋಡಿದ್ದು ಮಸುಕಾದ ಪ್ರತಿಯಾಗಿದ್ದರೆ, ದುರಸ್ತಿಯಾಗಿ 2024ರಲ್ಲಿ ವೆನಿಸ್ ಉತ್ಸವಕ್ಕೆ ಹೋದ ಪ್ರತಿಯ ಪ್ರದರ್ಶನ ಎಲ್ಲಾದರೂ ಇದ್ದಾಗ ಬಿಡಬೇಡಿ.

ಗಾಂಧಿ ಕ್ಲಾಸು:

ಪ್ರಶಸ್ತಿಯ ಪಟ್ಟಿ ಹಿಡಿದು ಹೊರಟರೆ ಆರರಲ್ಲಿ ನಾಲ್ಕು ಒಬ್ಬರೇ ನಿರ್ದೇಶಕರದ್ದು, ಕಾಸರವಳ್ಳಿಯವರದ್ದು. ದೊಡ್ಡವರೇ, ಒಪ್ಪಿದೆ. ಆದರೆ ಇದು ಕನ್ನಡ ಚಿತ್ರರಂಗದ ಪರಿಚಯ ಹೇಗಾಗುತ್ತದೆ? ಜೋಡಿ ಮಾಡಿ ನೋಡಿ. ‘ಘಟಶ್ರಾದ್ಧ’ದ ಜೊತೆಗೆ ಪ್ರೇಮಾ ಕಾರಂತರ ‘ಫಣಿಯಮ್ಮ’: ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮನೇ, ತಲೆ ಬೋಳಿಸಲು ಒಪ್ಪದ ಹುಡುಗಿಯ ಪರ ನಿಲ್ಲುತ್ತಾಳೆ. ನಾಣಿಯ ಕಣ್ಣು ಹಿಡಿಸಿತು ಎಂದಾದರೆ ಕಾರ್ನಾಡರ ‘ಕಾಡು’ (1973) ನೋಡಿ. ಅಲ್ಲೂ ಹಳ್ಳಿಯ ದ್ವೇಷವನ್ನೆಲ್ಲ ಕಾಣುವವನು ಕಿಟ್ಟಿ ಎಂಬ ಹುಡುಗನೇ. ಕಾರ್ನಾಡರನ್ನು ಕ್ಯಾಮೆರಾದ ಹಿಂದೆ ನೋಡಿದರೆ ನಿಮ್ಮ ಮುನಿಸು ತುಸು ಇಳಿದೀತು.

ಹಳೇ ರೀಲು:

ಕ್ರಮದ ಹಟ ಬಿಟ್ಟು ಮೊದಲು ‘ದ್ವೀಪ’ ನೋಡಿ. ಅದರಲ್ಲಿ ದುಗ್ಗಜ್ಜನಾಗಿರುವವರು ಎಂ.ವಿ. ವಾಸುದೇವರಾವ್, ‘ಚೋಮನ ದುಡಿ’ಯ ಚೋಮ. ಅಲ್ಲಿ ತುಂಡು ನೆಲ ಸಿಗದೆ ಸತ್ತವರು, ಇಲ್ಲಿ ಇರುವ ನೆಲ ಅಣೆಕಟ್ಟಿನ ನೀರಿಗೆ ಹೋಗುವುದನ್ನು ನೋಡುತ್ತಾರೆ. ನಡುವೆ ಕಾಲು ಶತಮಾನ.

ಜಮಾಖರ್ಚು:

‘ದ್ವೀಪ’ ನೋಡಿಯಾಯಿತು. ಮುದುಕ ಬಾಯಿ ತೆರೆದ ಕೂಡಲೇ ಅಪ್ಪ, “ಚೋಮ!” ಎಂದರು. ನಾನು ಮೊದಲೇ ಹೇಳಿರಲಿಲ್ಲ. ಪರಿಹಾರದ ಮಾತು ಬಂದಾಗ ಎಂದಿನಂತೆ ನಿಯಮಾವಳಿ ಶುರುವಾಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಸಿಟ್ಟು ಬಂದದ್ದು ಕೊನೆಯಲ್ಲಿ. ಮಳೆಗೆ ಎದೆಗೊಟ್ಟು ಮನೆ ಉಳಿಸಿದವಳು ನಾಗಿ, ಗಂಡ ಕೈಮುಗಿಯುವುದು ದೇವರಿಗೆ. ನಾಗಿಯಾದ ನಟಿ ಸೌಂದರ್ಯ ಆಗ ತೋರುವ ಮುಖದಲ್ಲಿ ಅಳುವಿಲ್ಲ, ಕೋಪವೂ ಅಲ್ಲ, ಒಂದು ಬಗೆಯ ಸುಸ್ತು. ಈ ಚಿತ್ರಕ್ಕೆ ಹಣ ಹಾಕಿದವರೂ ಅವರೇ ಎಂಬುದು ಆಮೇಲೆ ತಿಳಿಯಿತು.

‘ಸಂಸ್ಕಾರ’ದ ಒಡವೆಯ ದೃಶ್ಯವನ್ನೂ ಮತ್ತೆ ನೋಡಿದೆ. ರೀಲು ಸರ್, ಅಗ್ರಹಾರದ ಬಗ್ಗೆ ನಿಮ್ಮ ಮಾತು ಪೂರ್ತಿ ಒಪ್ಪಿದೆ. ಆಚಾರ್ಯರ ವಿಷಯದಲ್ಲಿ ನನ್ನ ತಕರಾರು ಹಾಗೇ ಇದೆ. ಮುಂದಿನದು ‘ಫಣಿಯಮ್ಮ’ ಎಂದುಕೊಂಡಿದ್ದೆ. ಅಪ್ಪ ಮಾತ್ರ, ಇಷ್ಟು ದಿನ ನಿನ್ನ ಪಟ್ಟಿ ನೋಡಿದ್ದಾಯಿತು, ಈ ಭಾನುವಾರ ‘ಬಂಗಾರದ ಮನುಷ್ಯ’ ಹಾಕದಿದ್ದರೆ ಟಿವಿಯ ರಿಮೋಟ್ ಕೊಡುವುದಿಲ್ಲ ಎಂದು ಕುಳಿತಿದ್ದಾರೆ.