ಡಿವಿಡಿ ಜೊತೆ ಗಿಟಾರ್ ಕೂಡುತ್ತಿಲ್ಲ, ಯಾರಾದರೂ ಹೇಳಿ (ಲೆಡ್ ಝೆಪ್ಪೆಲಿನ್)

ತಂತಿಹರಿದವ:
ತಲೆ ಕೆಟ್ಟು ಹೋಗಿದೆ. ಲೆಡ್ ಝೆಪ್ಪೆಲಿನ್ ರಾಕ್ ಬ್ಯಾಂಡಿನ ಕಾರ್ಯಕ್ರಮದ ಸಿನಿಮಾ 'ದ ಸಾಂಗ್ ರಿಮೇನ್ಸ್ ದ ಸೇಮ್' ಡಿವಿಡಿ ಹಾಕಿಕೊಂಡು ಜೊತೆಗೆ ನುಡಿಸೋಣ ಅಂತ ಕೂತರೆ ಒಂದೂ ಸ್ವರ ಕೂಡುವುದಿಲ್ಲ. 'ರಾಕ್ ಅಂಡ್ ರೋಲ್' ಎ ಸ್ವರದಲ್ಲಿದೆ, ಅದು ಎಲ್ಲರಿಗೂ ಗೊತ್ತು. ನಾನು ಎ ಹಿಡಿದರೆ ಅಪಸ್ವರ. ಒಂದು ಫ್ರೆಟ್, ಅಂದರೆ ಅರ್ಧ ಸ್ವರ, ಮೇಲೆ ಹೋದರೂ ಅಪಸ್ವರ. ಸಾಲದ್ದಕ್ಕೆ ಎಷ್ಟೋ ಕಡೆ ಗಿಟಾರಿಸ್ಟ್ ಪೇಜ್ ಕೈ ಏನೋ ಮಾಡುತ್ತಿರುತ್ತದೆ, ಕೇಳಿಸುವುದೇ ಬೇರೆ. ತಂತಿ ಹೊಸದು, ಟ್ಯೂನರ್ ಸರಿ ಇದೆ. ಸೆಟ್ಟಿಂಗ್ ಎಲ್ಲ ನೋಡಿ ಆಯಿತು. ಪ್ಲೇಯರ್ ಎತ್ತಿ ಬಿಸಾಕಲಾ?

ಸೌಂಡ್‌ಬಾರ್_ಸೀನ:
ನೂರಕ್ಕೆ ನೂರು ಲಿಪ್ ಸಿಂಕ್ ಸಮಸ್ಯೆ. ಬ್ಲೂಟೂತ್ ಸೌಂಡ್‌ಬಾರ್ ತಾನೆ? ಶಬ್ದ ತಡವಾಗಿಯೇ ಬರುತ್ತದೆ. ಟಿವಿಯಲ್ಲಿ ಗೇಮ್ ಮೋಡ್ ಹಾಕಿ, ಆಡಿಯೊ ಡಿಲೇ ಸೊನ್ನೆಗೆ ಇಳಿಸಿ.

ತಂತಿಹರಿದವ:
ಸೌಂಡ್‌ಬಾರ್ ಎಲ್ಲಿಂದ ಬಂತು ಗುರು? ಎಲ್ಲರ ಹಾಗೆ ಆಂಪ್‌ಗೆ ವೈರ್ ಹಾಕಿದ್ದೇನೆ.

ಸೌಂಡ್‌ಬಾರ್_ಸೀನ:
ವೈರ್ ಇದ್ದರೂ ಬರುತ್ತದೆ. ಟಿವಿ ಚಿತ್ರವನ್ನು ಪ್ರೊಸೆಸ್ ಮಾಡುವಾಗ ಚಿತ್ರ ಹಿಂದೆ ಬೀಳುತ್ತದೆ. ಹಾಗಾದರೆ ಡಿಲೇ ಜಾಸ್ತಿ ಮಾಡಿ. 80 ಮಿಲಿಸೆಕೆಂಡ್ ಕೊಟ್ಟು ನೋಡಿ, ಆಮೇಲೆ 120.

ವಾಲ್ವ್_ವಾಸು:
ಸೀನಣ್ಣ, ಡಿಲೇಗೂ ಸ್ವರಕ್ಕೂ ಏನು ಸಂಬಂಧ? ತಡವಾಗಿ ಬಂದ ಎ ಕೂಡ ಎ ತಾನೆ? ಹಾರ್ಡ್ ರಾಕ್‌ನವರು ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಾರೆ. ಗನ್ಸ್ ಎನ್ ರೋಸಸ್ ಹಾಗೇ ಅಲ್ವಾ? ಎಲ್ಲ ತಂತಿ ಇ ಫ್ಲಾಟ್‌ಗೆ ಇಳಿಸಿ, ಸರಿಹೋಗುತ್ತದೆ.

ತಂತಿಹರಿದವ:
ಇಳಿಸಿದೆ. ಇನ್ನೂ ಕೆಟ್ಟದಾಯಿತು.

ವಾಲ್ವ್_ವಾಸು:
ಒಂದು ಪೂರ್ತಿ ಸ್ವರ ಇಳಿಸಿ ಹಾಗಾದರೆ. 2007ರ ಲಂಡನ್ನಿನ ಓ2 ಅರೀನಾ ಕಾರ್ಯಕ್ರಮದಲ್ಲಿ ಹಾಡುಗಾರ ಪ್ಲಾಂಟ್ ಗಂಟಲಿಗೋಸ್ಕರ ಕೆಲವು ಹಾಡು ಇಳಿಸಿಯೇ ನುಡಿಸಿದ್ದಾರೆ.

ಬಸವನಗುಡಿ_ಬೇಸ್:
ವಾಸು ಸಾರ್, ಅದು 2007. ಈ ಚಿತ್ರದ್ದು 1973ರ ಜುಲೈ, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಆಗ ಪ್ಲಾಂಟ್‌ಗೆ ಇನ್ನೂ 25 ತುಂಬಿರಲಿಲ್ಲ. ಯಾರ ಗಂಟಲಿಗೋಸ್ಕರ ಇಳಿಸಬೇಕು?

ರೆಸಿಸ್ಟರ್47ಕೆ:
ಮೊದಲು ಮೂರು ವಿಷಯ ಹೇಳಿ. ಡಿಸ್ಕ್ ಎಲ್ಲಿಯದು? ಪ್ಲೇಯರ್‌ನಲ್ಲಿ ಒಟ್ಟು ಎಷ್ಟು ನಿಮಿಷ ತೋರಿಸುತ್ತದೆ? ಆ ಹಾಡು ಹಾಕಿ ಟ್ಯೂನರ್ ಹಿಡಿದರೆ ಮುಳ್ಳು ಎಲ್ಲಿ ನಿಲ್ಲುತ್ತದೆ?

ತಂತಿಹರಿದವ:
ಡಿಸ್ಕ್ ಚಿಕ್ಕಪ್ಪ ಲಂಡನ್‌ನಿಂದ ತಂದದ್ದು. ಒರಿಜಿನಲ್ಲೇ, ಪೈರೇಟ್ ಅಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ? 131 ನಿಮಿಷ ಚಿಲ್ಲರೆ ತೋರಿಸುತ್ತದೆ. ಮುಳ್ಳು ಎ ದಾಟಿ, ಮುಂದಿನ ಸ್ವರ ಎ ಶಾರ್ಪ್‌ಗೆ ಸ್ವಲ್ಪ ಕೆಳಗೆ ನಿಲ್ಲುತ್ತದೆ. ಅಂದಹಾಗೆ 2003ರಲ್ಲಿ ಬಂದ ಇದೇ ಬ್ಯಾಂಡಿನ ಎರಡು ಡಿಸ್ಕಿನ ಸೆಟ್ ಕೂಡ ನನ್ನಲ್ಲಿದೆ. ಅದರಲ್ಲಿನ ಲಂಡನ್ನಿನ ಅರ್ಲ್ಸ್ ಕೋರ್ಟ್ ಕಾರ್ಯಕ್ರಮದ ಭಾಗಕ್ಕೆ ನುಡಿಸಿದರೆ ಚೆನ್ನಾಗಿಯೇ ಕೂಡುತ್ತದೆ.

ರೆಸಿಸ್ಟರ್47ಕೆ:
ಇದನ್ನು ಮೊದಲೇ ಹೇಳಿದ್ದರೆ ತಂತಿ ಇಳಿಸುವ ಕೆಲಸ ಉಳಿಯುತ್ತಿತ್ತು. ನಿಮ್ಮದು ಪಾಲ್ (PAL) ಅನ್ನುವ ಟಿವಿ ಪದ್ಧತಿಯ ಡಿಸ್ಕ್.

ಈ ಸಿನಿಮಾ ತೆಗೆದದ್ದು ಫಿಲ್ಮ್‌ನಲ್ಲಿ, ಸೆಕೆಂಡಿಗೆ 24 ಫ್ರೇಮ್. ಬ್ರಿಟನ್ನಿನ ಪಾಲ್ ಟಿವಿಗೆ ಸೆಕೆಂಡಿಗೆ 25 ಬೇಕು. ಆ ಒಂದು ಫ್ರೇಮ್ ಎಲ್ಲಿಂದ ತರುವುದು? ಎಲ್ಲಿಂದಲೂ ತರುವುದಿಲ್ಲ, ಇಡೀ ಚಿತ್ರವನ್ನೇ ಸ್ವಲ್ಪ ಬೇಗ ಓಡಿಸುತ್ತಾರೆ. ನೂರಕ್ಕೆ ನಾಲ್ಕು ಪಾಲು ವೇಗ ಜಾಸ್ತಿ. ಹಳೇ ಟೇಪ್‌ರೆಕಾರ್ಡರ್ ಮೋಟಾರ್ ಜೋರಾಗಿ ತಿರುಗಿದ ಹಾಗೆ ಸ್ವರವೂ ಮೇಲೇರುತ್ತದೆ. 440 ಹರ್ಟ್ಸ್‌ನ ಎ ಸುಮಾರು 458 ಆಗುತ್ತದೆ. ಎ ಶಾರ್ಪ್ ಇರುವುದು 466ರಲ್ಲಿ. ಒಂದು ಫ್ರೆಟ್ಟಿಗೆ 100 ಸೆಂಟ್ ಅಂತಾದರೆ ನಿಮ್ಮ ಡಿಸ್ಕ್ ಏರಿರುವುದು 70 ಸೆಂಟ್. ಅದಕ್ಕೇ ಯಾವ ಫ್ರೆಟ್ ಹಿಡಿದರೂ ಕೂಡುತ್ತಿಲ್ಲ.

ಸಮಯದ ಲೆಕ್ಕವೂ ತಾಳೆಯಾಗುತ್ತದೆ. ಚಿತ್ರ 137 ನಿಮಿಷದ್ದು. 24ರಿಂದ ಗುಣಿಸಿ 25ರಿಂದ ಭಾಗಿಸಿ ನೋಡಿ, ನಿಮ್ಮ 131 ಚಿಲ್ಲರೆ ಬರುತ್ತದೆ. ಕೆಲವು ಪಾಲ್ ಡಿಸ್ಕ್‌ಗಳಲ್ಲಿ ಸ್ವರವನ್ನು ಬೇರೆಯಾಗಿ ಇಳಿಸಿ ಸರಿಮಾಡಿರುತ್ತಾರೆ. ನಿಮ್ಮದರಲ್ಲಿ ಮಾಡಿಲ್ಲ ಅಂತ ನಿಮ್ಮ ಟ್ಯೂನರೇ ಹೇಳುತ್ತಿದೆ. ಅರ್ಲ್ಸ್ ಕೋರ್ಟ್ ಭಾಗ ಫಿಲ್ಮ್ ಅಲ್ಲ, ವಿಡಿಯೊ ಕ್ಯಾಮೆರಾದ್ದು. ಅದಕ್ಕೆ ಈ 24ರ ತಂಟೆಯೇ ಇಲ್ಲ.

ಡಿವಿಡಿ_ದಾಸ:
ಅಂದರೆ ರೀಜನ್ ಸಮಸ್ಯೆ, ಡಿಸ್ಕ್ ಯಾವ ದೇಶದಲ್ಲಿ ಓಡಬೇಕು ಅನ್ನುವ ಬೀಗ. ಲಂಡನ್ ರೀಜನ್ 2, ನಾವು ರೀಜನ್ 5. ಪ್ಲೇಯರ್ ಅನ್‌ಲಾಕ್ ಮಾಡಿಸಿ.

ರೆಸಿಸ್ಟರ್47ಕೆ:
ರೀಜನ್ ಬೇರೆ, ಪಾಲ್ ಬೇರೆ. ರೀಜನ್ ತಪ್ಪಿದರೆ ಡಿಸ್ಕ್ ಓಡುವುದೇ ಇಲ್ಲ, ಶ್ರುತಿ ತಪ್ಪುವುದಿಲ್ಲ. ನಮ್ಮ ದೇಶವೂ ಪಾಲ್ ದೇಶವೇ.

ಡಿವಿಡಿ_ದಾಸ:
ಎಸ್‌ಪಿ ರಸ್ತೆಯಲ್ಲಿ ನನ್ನ ಪ್ಲೇಯರ್ ಅನ್‌ಲಾಕ್ ಮಾಡಿಸಿದ ಮೇಲೆ ಎಲ್ಲ ಡಿಸ್ಕೂ ಚೆನ್ನಾಗಿ ಓಡುತ್ತಿದೆ. ಅನುಭವದ ಮಾತು ಹೇಳಿದೆ ಅಷ್ಟೆ.

ಸೌಂಡ್‌ಬಾರ್_ಸೀನ:
ಸ್ವರದ ವಿಷಯ ಬಿಡಿ. ಕೈ ಹೊಂದುತ್ತಿಲ್ಲ ಅಂದರಲ್ಲ, ಅದಕ್ಕೆ ಉತ್ತರ ಏನು? ಚಿತ್ರ, ಶಬ್ದ ಎರಡೂ ಒಟ್ಟಿಗೇ ಬೇಗ ಓಡಿದರೆ ಸಿಂಕ್ ತಪ್ಪಬಾರದು. ನಾನು ಹೇಳಿದ್ದೇ ಸರಿ. 120 ಕೊಟ್ಟು ನೋಡಿದಿರಾ?

ಬಸವನಗುಡಿ_ಬೇಸ್:
ಪ್ರಶ್ನೆ ಸರಿಯಾಗಿದೆ, ಉತ್ತರ ಸರಿಯಿಲ್ಲ ಸೀನಣ್ಣ. ಟಿವಿ ತಪ್ಪಾದರೆ ಎಲ್ಲ ಶಾಟ್‌ನಲ್ಲೂ ಒಂದೇ ಅಳತೆಗೆ ತಪ್ಪಬೇಕು. ಇವರಿಗೆ ತಪ್ಪುತ್ತಿರುವುದು ಕೆಲವು ಕಡೆ ಮಾತ್ರ. ಅದು ಚಿತ್ರದಲ್ಲೇ ಇರುವ ದೋಷ. ಮೂರು ರಾತ್ರಿಯ ಕಾರ್ಯಕ್ರಮವನ್ನು ಕತ್ತರಿಸಿ ಒಂದು ರಾತ್ರಿ ಅಂತ ತೋರಿಸಿದ್ದಾರೆ. ಕೇಳಿಸುವುದು ಒಂದು ರಾತ್ರಿಯದು, ಕಾಣಿಸುವುದು ಇನ್ನೊಂದು ರಾತ್ರಿಯದು.

ಅಷ್ಟೇ ಅಲ್ಲ. ಮೊದಲ ನಿರ್ದೇಶಕ ಜೋ ಮ್ಯಾಸಟ್ ತೆಗೆದದ್ದರಲ್ಲಿ ಅಲ್ಲಲ್ಲಿ ಶಾಟ್‌ಗಳೇ ಇರಲಿಲ್ಲ. ಅವನ ಜಾಗಕ್ಕೆ ಬಂದ ಪೀಟರ್ ಕ್ಲಿಫ್ಟನ್ 1974ರಲ್ಲಿ ಇಂಗ್ಲೆಂಡಿನ ಶೆಪರ್ಟನ್ ಸ್ಟುಡಿಯೊದಲ್ಲಿ ಮತ್ತೆ ವೇದಿಕೆ ಹಾಕಿಸಿದ. ನ್ಯೂಯಾರ್ಕ್ ಧ್ವನಿಗೆ ತಕ್ಕ ಹಾಗೆ ನಾಲ್ವರೂ ನುಡಿಸುವ ನಟನೆ ಮಾಡಿದರು. ಬೇಸ್ ಗಿಟಾರ್ ನುಡಿಸುವ ಜಾನ್ ಪಾಲ್ ಜೋನ್ಸ್ ಅಷ್ಟರಲ್ಲಿ ಕೂದಲು ಕತ್ತರಿಸಿಕೊಂಡಿದ್ದ, ವಿಗ್ ಹಾಕಿಕೊಂಡು ಬಂದ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲೂ ದಿನಕ್ಕೊಂದು ಬಟ್ಟೆ ಹಾಕಿದ್ದು ಅವನೊಬ್ಬನೇ. ಅವನ ಅಂಗಿ ನೋಡುತ್ತಾ ಹೋಗಿ, ಎಲ್ಲಿ ಕತ್ತರಿಸಿದ್ದಾರೆ ಅಂತ ಗೊತ್ತಾಗುತ್ತದೆ. ನಾನು ಬೇಸ್ ನುಡಿಸುವವನು, ಪೇಜ್ ಕಡೆ ನೋಡುವುದೇ ಕಡಿಮೆ.

ಸೌಂಡ್‌ಬಾರ್_ಸೀನ:
ವಿಗ್ ಹಾಕಿದರೆ ಸಿಂಕ್ ತಪ್ಪುತ್ತದಾ? ಚೆನ್ನಾಗಿದೆ.

ತಂತಿಹರಿದವ:
ಕಥೆ ಎಲ್ಲ ಸರಿ, ನನಗೆ ನುಡಿಸಬೇಕು. ಏನು ಮಾಡಲಿ?

ರೆಸಿಸ್ಟರ್47ಕೆ:
ಡಿಸ್ಕನ್ನು ಕಂಪ್ಯೂಟರ್‌ನಲ್ಲಿ ವಿಎಲ್‌ಸಿ (VLC) ಪ್ಲೇಯರ್ ಸಾಫ್ಟ್‌ವೇರ್‌ಗೆ ಹಾಕಿ. ವೇಗ 0.96 ಕೊಡಿ. 24ನ್ನು 25ರಿಂದ ಭಾಗಿಸಿದರೆ ಸರಿಯಾಗಿ ಅಷ್ಟೇ.

ತಂತಿಹರಿದವ:
ಕೊಟ್ಟೆ. ಹಾಡು ನಿಧಾನವಾಯಿತು. ಸ್ವರ ಇದ್ದಲ್ಲೇ ಇದೆ!! ಒಂದೊಂದು ಸಲ ಯಾಕಾದರೂ ಗಿಟಾರ್ ಕಲಿತೆನೋ ಅನಿಸುತ್ತದೆ.

ವಾಲ್ವ್_ವಾಸು:
ಅದಕ್ಕೇ ಹೇಳಿದ್ದು, ಟ್ಯೂನಿಂಗ್ ಇಳಿಸಿ ಅಂತ.

ಬಸವನಗುಡಿ_ಬೇಸ್:
ಡಿಸ್ಕ್ ಮೇಲೇರಿದ್ದರೆ ಗಿಟಾರ್ ಯಾಕೆ ಸಾರ್ ಇಳಿಸಬೇಕು? ಏರಿಸಬೇಕು. 70 ಸೆಂಟ್ ಬಿಗಿ ಮಾಡಬಹುದು, ಆದರೆ ಹೊಸ ತಂತಿ ಹರಿದರೆ ನನ್ನ ಕೇಳಬೇಡಿ. ಇವರ ಹೆಸರೇ ತಂತಿಹರಿದವ.

ರೆಸಿಸ್ಟರ್47ಕೆ:
ವಿಎಲ್‌ಸಿ ವೇಗ ಇಳಿಸಿದರೂ ಸ್ವರ ಕಾಪಾಡುತ್ತದೆ, ಮಾತು ಕೇಳುವವರಿಗೆ ಅದು ಅನುಕೂಲ. ನಿಮಗೆ ಅದು ಬೇಡ. ಪ್ರಿಫರೆನ್ಸಸ್‌ನಲ್ಲಿ ಆಡಿಯೊ ವಿಭಾಗಕ್ಕೆ ಹೋಗಿ, ಟೈಮ್ ಸ್ಟ್ರೆಚಿಂಗ್ ಅನ್ನುವ ಕಡೆ ಟಿಕ್ ತೆಗೆಯಿರಿ. ಎಸ್‌ಪಿಡಿಐಎಫ್ ಪಾಸ್‌ಥ್ರೂ ಆನ್ ಇದ್ದರೆ ಅದನ್ನೂ ಆಫ್ ಮಾಡಿ. ಡಾಲ್ಬಿ ಡೇಟಾ ನೇರವಾಗಿ ಆಂಪ್‌ಗೆ ಹೋದರೆ ವಿಎಲ್‌ಸಿ ಅದನ್ನು ಮುಟ್ಟಲಾರದು. ಎಲ್ಲ ಮಾಡಿ ವಿಎಲ್‌ಸಿ ಮುಚ್ಚಿ ಮತ್ತೆ ತೆರೆಯಿರಿ.

ತಂತಿಹರಿದವ:
ಕೂಡಿತು! 'ಬ್ಲ್ಯಾಕ್ ಡಾಗ್' ಪೂರ್ತಿ ನುಡಿಸಿದೆ. ಪ್ಲಾಂಟ್ ಧ್ವನಿಯೂ ಸ್ವಲ್ಪ ದಪ್ಪ ಆಗಿದೆ, ಈಗಲೇ ಚೆನ್ನಾಗಿದೆ. ಕೈ ಮಾತ್ರ ಹಾಗೇ ತಪ್ಪುತ್ತದೆ. ಅದಕ್ಕೆ ದಾರಿ ಇದೆಯಾ?

ಬಸವನಗುಡಿ_ಬೇಸ್:
ಪೂರ್ತಿ ಇಲ್ಲ. 2007ರ ಆವೃತ್ತಿ ಸ್ವಲ್ಪ ವಾಸಿ. ಆಗ ಚಿತ್ರವನ್ನು ಮತ್ತೆ ಕತ್ತರಿಸುವ ಹಾಗಿರಲಿಲ್ಲ. ಅದಕ್ಕೆ ಕೆವಿನ್ ಶರ್ಲಿ ಮೂರೂ ರಾತ್ರಿಯ ಧ್ವನಿಯನ್ನು ಹೊಸದಾಗಿ ಮಿಕ್ಸ್ ಮಾಡಿ ಚಿತ್ರಕ್ಕೆ ಹೊಂದಿಸಿದ. 'ದಿ ಓಷನ್' ತರಹ ಮೊದಲು ಬಿಟ್ಟಿದ್ದ ಹಾಡುಗಳೂ ಎಕ್ಸ್‌ಟ್ರಾದಲ್ಲಿವೆ. ಬ್ಲೂ-ರೇ ತೆಗೆದುಕೊಂಡರೆ 24 ಫ್ರೇಮ್‌ನಲ್ಲೇ ಓಡುತ್ತದೆ, 0.96ರ ಗೋಳಿಲ್ಲ.

ವಾಲ್ವ್_ವಾಸು:
ಹಳೇ ಮಿಕ್ಸೇ ಚೆಂದ. ನನ್ನ ಹತ್ತಿರ ಎಲ್‌ಪಿ ಇದೆ, ಇಎಲ್34 ವಾಲ್ವ್ ಆಂಪ್, ಮರ ನಾನೇ ಕೊಯ್ಯಿಸಿ ಮಾಡಿಸಿದ ಸ್ಪೀಕರ್ ಪೆಟ್ಟಿಗೆ, ಗೋಡೆ ತುಂಬಾ ಮೊಟ್ಟೆ ಟ್ರೇ. 'ಡೇಝ್ಡ್ ಅಂಡ್ ಕನ್ಫ್ಯೂಸ್ಡ್' ಹಾಕಿ ದೀಪ ಆರಿಸಿದರೆ ಪೇಜ್ ಪಿಟೀಲು ಕಮಾನು ನಿಮ್ಮ ಕಿವಿ ಮೇಲೇ ಎಳೆದ ಹಾಗಿರುತ್ತದೆ. ಬ್ಲೂ-ರೇ ಅಂತೆ.

ರೆಸಿಸ್ಟರ್47ಕೆ:
ಮೊಟ್ಟೆ ಟ್ರೇ ಬೇಸ್ ತಡೆಯುವುದಿಲ್ಲ ಸಾರ್.

ವಾಲ್ವ್_ವಾಸು:
ಮನೆಗೆ ಬಂದು ಕೇಳಿ, ಆಮೇಲೆ ಮಾತಾಡೋಣ.

ಡಿವಿಡಿ_ದಾಸ:
ಪೇಜ್, ಪ್ಲಾಂಟ್ ಇಬ್ಬರೂ 1972ರಲ್ಲಿ ಬಾಂಬೆಗೆ ಬಂದು ನಮ್ಮ ವಾದ್ಯಗಾರರ ಜೊತೆ ರೆಕಾರ್ಡ್ ಮಾಡಿದ್ದರು, ಗೊತ್ತಾ? ಅದರ ವಿಡಿಯೊ ಎಲ್ಲಾದರೂ ಸಿಗುತ್ತದಾ?

ಬಸವನಗುಡಿ_ಬೇಸ್:
'ಫ್ರೆಂಡ್ಸ್' ಮತ್ತು 'ಫೋರ್ ಸ್ಟಿಕ್ಸ್'. ಆಡಿಯೊ ಇದೆ. ಬೇರೆ ಥ್ರೆಡ್ ತೆರೆಯಿರಿ ದಾಸರೇ.

ಸೌಂಡ್‌ಬಾರ್_ಸೀನ:
120 ಕೊಟ್ಟು ನೋಡಿದಿರಾ ಇಲ್ವಾ?